ಅಪ್‌ಡೇಟ್: ತಂಗಿಯ ರಕ್ತಹೀನತೆ, ಎಚ್‌ಪಿಎಲ್‌ಸಿ ವರದಿ ಬಂತು

ಎಂಟು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ತಂಗಿಯ ಹಿಮೋಗ್ಲೋಬಿನ್ 9.8 ದಾಟುತ್ತಿಲ್ಲ, ಮುಂದೇನು ಎಂದು ಕೇಳಿದ್ದೆ. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ವಿಧಗಳನ್ನು ಅಳೆಯುವ ರಕ್ತಪರೀಕ್ಷೆ) ಮಾಡಿಸಿ ಎಂದವರಿಗೆಲ್ಲ ಕೈಮುಗಿಯುತ್ತೇನೆ.

ಶಹಾಪುರದಿಂದ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋದೆವು. ವೈದ್ಯರು ಹಳೆಯ ವರದಿಯ ಎರಡು ಸಾಲುಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದರು: ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 62, ಕೆಂಪು ರಕ್ತಕಣ 58 ಲಕ್ಷ. ಕಬ್ಬಿಣ ಕಡಿಮೆಯಾದರೆ ಕಣಗಳ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಇಲ್ಲಿ ಕಣಗಳು ಸಣ್ಣವು, ಆದರೆ ಲೆಕ್ಕಕ್ಕೆ ಜಾಸ್ತಿ. ಈ ಕಾಗದ ಎಂಟು ತಿಂಗಳಿಂದ ನಮ್ಮ ಕಪಾಟಿನಲ್ಲೇ ಇತ್ತು! ಹೊಸ ವರದಿಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವುದು) 140, ಅಂದರೆ ಕಬ್ಬಿಣದ ಕೊರತೆಯಿಲ್ಲ, ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ವಿಧ) ಶೇ 5.4, ಇರಬೇಕಾದ್ದಕ್ಕಿಂತ ಜಾಸ್ತಿ. ಅಂದರೆ ತಂಗಿ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ತೊಂದರೆ) ವಾಹಕಿ. ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು. ಮಾತ್ರೆ ನಿಂತಿತು. ಅವ್ವನ ಬೆಲ್ಲ-ಶೇಂಗಾ ಉಂಡೆ ಮಾತ್ರ ನಿಂತಿಲ್ಲ, ನಿಲ್ಲುವುದೂ ಇಲ್ಲ.

ಕಷ್ಟ ಶುರುವಾದದ್ದು ಆಮೇಲೆ. ತಂಗಿಯನ್ನು ಸೋದರಮಾವನ ಮಗನಿಗೆ ಕೊಡುವುದೆಂದು ಮಾತಾಗಿದೆ. ಪರೀಕ್ಷಿಸಿದಾಗ ಅವ್ವನೂ ವಾಹಕಿ ಎಂದು ತಿಳಿಯಿತು. ಹಾಗಾದರೆ ಮಾವನ ಮನೆಯಲ್ಲೂ ಇರಬಹುದು. ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ಶೇ 25. ಅಂಥ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು.

“ನಮ್ಮ ರಕ್ತದಲ್ಲಿ ಏನು ಕೊರತೆಯಿದೆ?” ಎಂದು ಮಾವ ಸಿಡಿದರು. ಹುಡುಗ ಮಾತ್ರ ಯಾರಿಗೂ ಹೇಳದೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದ. ನಿನ್ನೆ ವರದಿಯ ಫೋಟೊ ಕಳುಹಿಸಿದ: ಎಂಸಿವಿ 88, ಎಚ್‌ಬಿಎ2 ಶೇ 2.6. ಅವನು ವಾಹಕನಲ್ಲ.

ಮಾವ ಇನ್ನೂ ಫೋನ್ ಎತ್ತುತ್ತಿಲ್ಲ.