ಬಾಯಿ ಹೇಳುತ್ತದೆ, ಮನಸ್ಸು ಕೂರುವುದಿಲ್ಲ: ಇಂಥ ಹೊತ್ತಲ್ಲಿ ನೀವು ಹೇಗೆ ಪ್ರಾರ್ಥನೆ ಮಾಡಿದ್ರಿ?

ಕೇಳಿದವರು, ಬಜಪೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಹದಿನಾಲ್ಕು ವರ್ಷ ಗಲ್ಫಿನಲ್ಲಿದ್ದರು. ಕಳೆದ ವರ್ಷ ಕೆಲಸ ಹೋಯಿತು, ಊರಿಗೆ ಬಂದರು. ಮನೆ ಕಟ್ಟಿದ ಸಾಲದ ಕಂತು ಮಾತ್ರ ನಿಂತಿಲ್ಲ. ಅದರ ಮೇಲೆ ಫೆಬ್ರವರಿಯಲ್ಲಿ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗಡೆ ಸ್ವಾಧೀನ ಇಲ್ಲ, ಮಾತೂ ಹೋಗಿದೆ.

ಸಂಜೆ ಏಳೂವರೆಗೆ ತೇರ್ಸಿಗೆ, ಅಂದರೆ ಮನೆಮಂದಿಯ ಜಪಮಾಲೆ ಪ್ರಾರ್ಥನೆಗೆ, ಕೂರುವುದು ನಮ್ಮಲ್ಲಿ ತಪ್ಪಿದ್ದಿಲ್ಲ. ಈಗಲೂ ಜಪಮಾಲೆ ಹಿಡಿದು ಕೂರುತ್ತೇನೆ. ಬಾಯಿ ನಮಾನ್ ಮರಿಯೆ (ಕೊಂಕಣಿಯಲ್ಲಿ ಮರಿಯಮ್ಮನ ಪ್ರಾರ್ಥನೆ) ಹೇಳುತ್ತಿರುತ್ತದೆ, ತಲೆಯಲ್ಲಿ ಬ್ಯಾಂಕಿನವರ ಫೋನ್ ಓಡುತ್ತಿರುತ್ತದೆ. ಮುಗಿದ ಮೇಲೆ ಎಂತ ಹೇಳಿದೆ ಅಂತಲೇ ನೆನಪಿರುವುದಿಲ್ಲ. ಪರಿಚಯದ ಒಬ್ಬರ ಹತ್ತಿರ ಹೇಳಿಕೊಂಡೆ. ‘ನಿನಗೆ ನಂಬಿಕೆ ಕಮ್ಮಿಯಾಗಿದೆ, ಜಾಸ್ತಿ ಪ್ರಾರ್ಥನೆ ಮಾಡು’ ಅಂದರು. ಅದು ಕೇಳಿ ಇನ್ನೂ ಕುಗ್ಗಿ ಹೋದೆ.

ಪ್ರವಚನ ಬೇಡ. ನಿಮಗೆ ಹೀಗಾದಾಗ ಎಂತ ಮಾಡಿದ್ರಿ, ಅದನ್ನು ಹೇಳಿ.

ಕುಲಶೇಖರದಿಂದ ಒಬ್ಬರು

ನನಗೆ ಐವತ್ತಾರು. ನಮ್ಮವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಮೂವತ್ತೆಂಟು ದಿನ ಆಸ್ಪತ್ರೆಯಲ್ಲಿದ್ದರು. ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಹೇಳಿಕೊಂಡ ಹರಕೆಗಳ ಪಟ್ಟಿ ನೋಡಿದರೆ ಸಂತರಿಗೇ ನಗು ಬರಬೇಕು. ಬಿಕರ್ನಕಟ್ಟೆಯ ಬಾಲ ಯೇಸುವಿಗೆ ಒಂದು, ಅತ್ತೂರಿನ ಸಂತ ಲಾರೆನ್ಸರಿಗೆ ಆಳೆತ್ತರದ ಮೇಣದಬತ್ತಿ, ಸಂತ ಅಂತೋನಿಯವರಿಗೆ ಇಡೀ ವರ್ಷದ ಮಂಗಳವಾರ. ಮೀನು ಬಿಟ್ಟೆ. ಮಂಗಳೂರಿನವಳು ಮೀನು ಬಿಡುವುದು ಅಂದರೆ ಎಂತ ಅಂತ ನಿಮಗೆ ಗೊತ್ತುಂಟು.

ಅವರು ಉಳಿಯಲಿಲ್ಲ.

ತಿಂಗಳ ಪೂಜೆ ಮುಗಿಸಿ ಬಂದವಳೇ ಜಪಮಾಲೆಯನ್ನು ಕಪಾಟಿನ ಡ್ರಾಯರಿಗೆ ಹಾಕಿದೆ, ರೇಷನ್ ಕಾರ್ಡಿನ ಜೊತೆ. ಸಿಟ್ಟೂ ಅಲ್ಲ. ಫೋನ್ ಎತ್ತದವರಿಗೆ ಎಷ್ಟು ಸಲ ಮಾಡುವುದು ಅಂತ ಸುಮ್ಮನಾಗುತ್ತೇವೆ ಅಲ್ವಾ, ಹಾಗೆ. ಭಾನುವಾರ ಪೂಜೆಗೆ ಹೋಗುತ್ತಿದ್ದೆ, ಮಕ್ಕಳಿಗೋಸ್ಕರ. ತೇರ್ಸಿಗೆ ಕೂರುತ್ತಿರಲಿಲ್ಲ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಬೇಕಂತಲೇ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಅತ್ತೆ ಮಾತ್ರ ಬಿಡಲಿಲ್ಲ. ಹೋದವನು ಅವರ ಮಗ, ಒಬ್ಬನೇ ಮಗ. ಆದರೂ ಏಳೂವರೆಗೆ ಟಿವಿ ಆರಿಸಿ, ಆಲ್ತಾರಿನ (ಮನೆಯ ದೇವರ ಪೀಠದ) ಕೆಂಪು ಬಲ್ಬ್ ಹಾಕಿ ಒಬ್ಬರೇ ಶುರು ಮಾಡುತ್ತಿದ್ದರು. ತೇರ್ಸ್ ಹೇಗೆ ಅಂತ ನಿಮಗೆ ಗೊತ್ತೇ ಉಂಟು. ಒಬ್ಬರು ಅರ್ಧ ಹೇಳಬೇಕು, ಉಳಿದವರು ಇನ್ನರ್ಧ. ಅತ್ತೆ ತಮ್ಮ ಅರ್ಧ ಹೇಳಿ ನಿಲ್ಲಿಸುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು ಮನೆಯೆಲ್ಲ ಸುಮ್ಮನೆ. ಆಮೇಲೆ ಇನ್ನರ್ಧವನ್ನೂ ಅವರೇ ಹೇಳುತ್ತಿದ್ದರು. ಐದು ರಹಸ್ಯ, ಅಂದರೆ ಯೇಸು, ಮರಿಯಮ್ಮನ ಬದುಕಿನ ಒಂದೊಂದು ಘಟನೆ ನೆನೆದು ಹೇಳುವ ಐದು ಭಾಗ, ಒಟ್ಟು ಐವತ್ತಮೂರು ನಮಾನ್ ಮರಿಯೆ. ಪ್ರತಿಯೊಂದರ ನಡುವೆಯೂ ಆ ಸಣ್ಣ ಖಾಲಿ. ನನಗೆ ಬರಬರುತ್ತಾ ಪ್ರಾರ್ಥನೆ ಕೇಳಿಸುತ್ತಲೇ ಇರಲಿಲ್ಲ, ಆ ಖಾಲಿ ಮಾತ್ರ ಕೇಳಿಸುತ್ತಿತ್ತು.

ನಾಲ್ಕು ತಿಂಗಳಾಗಿತ್ತು. ಒಂದು ದಿನ ಅಲಸಂಡೆ ತುಂಡು ಮಾಡುತ್ತಾ ಕೂತಿದ್ದೆ. ಅತ್ತೆಗೆ ಶೀತ ಕಟ್ಟಿ ಉಸಿರು ಸಾಲುತ್ತಿರಲಿಲ್ಲ. ಮೂರನೇ ರಹಸ್ಯಕ್ಕೆ ಬರುವಾಗ ಅವರ ಅರ್ಧ ಮುಗಿಯಿತು, ಆಮೇಲೆ ಕೆಮ್ಮು. ಅಡುಗೆಮನೆಯಿಂದಲೇ ಉಳಿದ ಅರ್ಧ ನಾನು ಹೇಳಿದೆ. ಕೈಯಲ್ಲಿ ಕತ್ತಿ ಹಾಗೇ ಇತ್ತು. ನಂಬಿಕೆ ವಾಪಸ್ ಬಂತು ಅಂತಲ್ಲ ಮಾರಾಯ್ತಿ. ಮುದುಕಿಗೆ ಉಸಿರು ಸಾಲಲಿಲ್ಲ, ಅಷ್ಟೇ. ಅತ್ತೆ ಎದ್ದು ಬರಲಿಲ್ಲ, ಏನೂ ಕೇಳಲೂ ಇಲ್ಲ. ಮುಂದಿನದನ್ನು ಶುರು ಮಾಡಿದರು.

ಅಲ್ಲಿಂದ ಈಚೆಗೆ ನನ್ನದು ಇಷ್ಟೇ ಲೆಕ್ಕ. ಅರ್ಧ ನನ್ನದು, ಅರ್ಧ ಬೇರೆ ಯಾರದ್ದೋ. ಅವರದ್ದು ಕೂರುವ ದಿನ ನನ್ನದು ಕೂರದಿರಬಹುದು, ಪರವಾಗಿಲ್ಲ. ನಿಮ್ಮ ಮನಸ್ಸು ಬ್ಯಾಂಕಿಗೆ ಹೋದರೆ ಹೋಗಲಿ. ಬಾಯಿ ಅಲ್ಲೇ ಕೂತಿದೆಯಲ್ಲ, ಸದ್ಯಕ್ಕೆ ಸಾಕು. ಐದೂ ರಹಸ್ಯ ಆಗದಿದ್ದರೆ ಒಂದೇ ಹೇಳಿ. ನಾನು ಎಷ್ಟೋ ದಿನ ದುಃಖದ ರಹಸ್ಯಗಳನ್ನೇ ಹೇಳಿದ್ದೇನೆ. ಅವು ಮಂಗಳವಾರ, ಶುಕ್ರವಾರಕ್ಕೆ ಅಂತ ಇರುವುದು, ನಾನು ಸೋಮವಾರವೂ ಬಿಡುತ್ತಿರಲಿಲ್ಲ. ಅತ್ತೆ ಗದರುತ್ತಿದ್ದರು. ಅವರದ್ದೂ ಒಂದು ಹಟ ಇತ್ತು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದ್ದು. ಅತ್ತೆಗೆ ಅದು ಕೊನೆಯವರೆಗೂ ‘ಈಗ ಬಂದದ್ದು’. ಗುರುವಾರವೂ ಹರ್ಷದ್ದೇ ಹೇಳಿ ಮುಗಿಸುತ್ತಿದ್ದರು. ಪಾದ್ರಿಗಳಿಗೆ ಗೊತ್ತಿತ್ತು, ನಗುತ್ತಿದ್ದರು.

ಇನ್ನೊಂದು, ಇದು ಪ್ರಾರ್ಥನೆಯ ಮಾತಲ್ಲ. ಕಷ್ಟವನ್ನು ಗುರ್ಕಾರರಿಗೆ, ಅಂದರೆ ಚರ್ಚಿನ ನಿಮ್ಮ ವಾಡೆಯ ಮುಖಂಡರಿಗೆ, ಹೇಳಿ. ನಿಮ್ಮ ಚರ್ಚಿನಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಇದ್ದರೆ ಅವರಿಗೂ ಹೇಳಿ. ನಾನು ಮಾನಕ್ಕೆ ಹೆದರಿ ಒಂದು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ಇಬ್ಬರು ಬಂದರು, ಕತ್ತಲಾದ ಮೇಲೆ, ಬರಿಗೈಯಲ್ಲಿ. ಚಾ ಕುಡಿದರು, ಮಕ್ಕಳ ಶಾಲೆಯ ಫೀಸಿಗೆ ಕೊನೇ ದಿನ ಯಾವಾಗ ಅಂತ ಕೇಳಿದರು, ಹೋದರು. ಫೀಸ್ ಕಟ್ಟಿ ಆಗಿತ್ತು. ಪಕ್ಕದ ಮನೆಗೂ ಗೊತ್ತಾಗಲಿಲ್ಲ. ಬ್ಯಾಂಕಿಗೂ ನೀವೇ ಹೋಗಿ ಮ್ಯಾನೇಜರ್ ಎದುರು ಕೂತು ಕಂತಿನ ಅವಧಿ ಉದ್ದ ಮಾಡಲು ಕೇಳಿ. ಫೋನ್ ಬರುವವರೆಗೆ ಕಾಯಬೇಡಿ.

ಮೀನು ತಿನ್ನುತ್ತೇನೆ ಈಗ. ಅತ್ತೂರಿನ ಮೇಣದಬತ್ತಿ ಮಾತ್ರ ಬಾಕಿ ಉಂಟು.

ಉಡುಪಿಯಿಂದ ಒಬ್ಬರು

ನಾವು ಸಿಎಸ್ಐ, ಚರ್ಚ್ ಆಫ್ ಸೌತ್ ಇಂಡಿಯಾದ ಪ್ರೊಟೆಸ್ಟೆಂಟರು. ಬಾಸೆಲ್ ಮಿಶನ್ ಕಡೆಯವರು ಅಂದರೆ ಇಲ್ಲಿ ಬೇಗ ಅರ್ಥ ಆಗುತ್ತದೆ. ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಅಜ್ಜನ ಅಪ್ಪ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ನಮ್ಮಲ್ಲಿ ಜಪಮಾಲೆ ಇಲ್ಲ. ಕನ್ನಡ ಬೈಬಲ್ ಉಂಟು, ಹಾಡಿನ ಪುಸ್ತಕ ಉಂಟು. ಹಾಗಾಗಿ ನನ್ನ ದಾರಿ ಬೇರೆ.

2020ರ ಲಾಕ್‌ಡೌನಿನಲ್ಲಿ ನನ್ನ ಜೆರಾಕ್ಸ್ ಅಂಗಡಿ ಮುಚ್ಚಿತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮೆಶಿನಿನ ಸಾಲ ಕಾಣುತ್ತಿತ್ತು. ಆಗ ಕಣ್ಣು ಮುಚ್ಚುವುದನ್ನೇ ಬಿಟ್ಟೆ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಇನ್ನೂರು ಪುಟದ ನೋಟ್‌ಬುಕ್ ಒಂದು ತಂದು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ಕೈಯಲ್ಲಿ ಬರೆಯಲು ಶುರು ಮಾಡಿದೆ. ಕೈ ಓಡುವಾಗ ತಲೆ ಸ್ವಲ್ಪ ನಿಧಾನ ಆಗುತ್ತದೆ. ಬರೆಯುತ್ತಾ ಹೋದಾಗ ಒಂದು ಗೊತ್ತಾಯಿತು. ಸಂಡೇ ಸ್ಕೂಲಿನಲ್ಲಿ ನಮಗೆ ಕಲಿಸಿದ್ದು 23ನೆಯದು ಮಾತ್ರ, ಕುರುಬನದ್ದು. ಆದರೆ ಪುಸ್ತಕದ ತುಂಬ ದೂರುಗಳೇ ಇವೆ! 13ನೆಯದರಲ್ಲಿ ಎಷ್ಟು ದಿನ, ಇನ್ನೂ ಎಷ್ಟು ದಿನ ಅಂತ ಕೀರ್ತನೆಗಾರ ದೇವರನ್ನು ನಾಲ್ಕು ಸಲ ಕೇಳುತ್ತಾನೆ. 22ನೆಯದರ ಮೊದಲ ಮಾತನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು, ಯಾಕೆ ಕೈಬಿಟ್ಟೆ ಅಂತ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಬರೆದ ದಿನ ನನಗೆ ಯಾಕೋ ಚೆನ್ನಾಗಿ ನಿದ್ದೆ ಬಂತು.

119ಕ್ಕೆ 176 ವಚನ. ಅದು ಮುಗಿಯಲು ಹನ್ನೊಂದು ದಿನ ಹಿಡಿಯಿತು. ಏನೂ ಬೇಡ ಅನಿಸಿದ ದಿನಕ್ಕೆ 117 ಉಂಟು, ಎರಡೇ ವಚನ. ಒಂದೇ ತಿಂಗಳಲ್ಲಿ ಅದನ್ನು ಒಂಬತ್ತು ಸಲ ಬರೆದಿದ್ದೇನೆ. ಅಕ್ಷರ ನೋಡಿದರೆ ಈಗಲೂ ಗೊತ್ತಾಗುತ್ತದೆ, ಯಾವ ದಿನ ಹೇಗಿದ್ದೆ ಅಂತ. ಅಂಗಡಿ ತೆರೆಯಲಿಲ್ಲ. ಈಗ ಬೇರೆಯವರಲ್ಲಿ ಸಂಬಳಕ್ಕಿದ್ದೇನೆ.

ಮಂಗಳೂರಿನಿಂದ, ನರ್ಸ್ ಆಗಿರುವವರು

ಮೊದಲು ಅತ್ತೆಯ ವಿಷಯ. ಹಾಸಿಗೆಯಲ್ಲೇ ಇದ್ದಾರೆ ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ, ಆದ ಮೇಲೆ ವಾಸಿ ಮಾಡುವುದು ಕಷ್ಟ. ಫಿಸಿಯೋಥೆರಪಿ ಬಿಡಬೇಡಿ. ಮಾತಿಗೂ ಥೆರಪಿ ಇದೆ, ಡಾಕ್ಟರ ಹತ್ತಿರ ಕೇಳಿ.

ಡ್ಯೂಟಿಯಲ್ಲಿ ನನ್ನ ಪ್ರಾರ್ಥನೆಯೂ ಆಗುವುದು ಈ ಮಗ್ಗುಲು ಬದಲಿಸುವಾಗಲೇ. ‘ಯೇಸುವೇ, ಒಂದು ಕೈ ಹಿಡಿ’ ಅಂತ ಹೇಳಿ ಎತ್ತುತ್ತೇನೆ. ಅಷ್ಟೇ ನನ್ನ ಭಕ್ತಿ. ರಾತ್ರಿ ಪಾಳಿಯಲ್ಲಿ ಆರು ಸಲ ಆಗುತ್ತದೆ.

ಇನ್ನೊಂದು ಹೇಳಬೇಕು. ಸ್ಟ್ರೋಕಿನಲ್ಲಿ ಮಾತು ಹೋದವರಿಗೂ ಕೆಲವೊಮ್ಮೆ ಬಾಯಿಪಾಠದ ಪ್ರಾರ್ಥನೆ, ಹಾಡು, ಎಣಿಕೆ ಉಳಿದಿರುತ್ತದೆ. ನೀರು ಬೇಕು ಅಂತ ಹೇಳಲಾಗದವರು ಪರಲೋಕದ ತಂದೆಯ ಪ್ರಾರ್ಥನೆಯ ನಾಲ್ಕು ಪದ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಎಲ್ಲರಿಗೂ ಹಾಗಾಗುವುದಿಲ್ಲ. ಆದರೂ ತೇರ್ಸ್ ಅವರ ಮಂಚದ ಪಕ್ಕ ಕೂತು ಹೇಳಿ ನೋಡಿ.

ನಿಮ್ಮ ಬಗ್ಗೆಯೂ ಕೇಳುತ್ತೇನೆ. ನಿದ್ದೆ ಬರುತ್ತದಾ? ಊಟ ಸೇರುತ್ತದಾ? ವಾರಗಟ್ಟಲೆ ಎರಡೂ ಇಲ್ಲ ಅಂದರೆ ಅದು ನಂಬಿಕೆಯ ವಿಷಯ ಅಲ್ಲ, ಡಾಕ್ಟರಿಗೆ ತೋರಿಸುವ ವಿಷಯ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಾರ್ಕಳದಿಂದ ಒಬ್ಬರು

ನಾನು ಕ್ರೈಸ್ತಳಲ್ಲ, ಹೇಳಬಹುದಾ ಗೊತ್ತಿಲ್ಲ. ಜನವರಿಯಲ್ಲಿ ಅತ್ತೂರು ಜಾತ್ರೆಗೆ ನಮ್ಮ ಮನೆಯವರೆಲ್ಲ ಹೋಗುತ್ತೇವೆ. ಆ ಚರ್ಚಿಗೆ ಬೆಸಿಲಿಕಾ ಎಂಬ ವಿಶೇಷ ಪದವಿ ಸಿಕ್ಕಿದ್ದು 2016ರಲ್ಲಿ, ನಾವು ಹೋಗುವುದು ನಮ್ಮ ಅಜ್ಜಿಯ ಕಾಲದಿಂದ. ತಮ್ಮನ ಕುಡಿತ ಬಿಡಲಿ ಅಂತ ಏಳು ವರ್ಷದಿಂದ ಮೇಣದಬತ್ತಿ ಹಚ್ಚುತ್ತಿದ್ದೇನೆ. ತಮ್ಮ ಇನ್ನೂ ಕುಡಿಯುತ್ತಾನೆ. ಆದರೆ ಪ್ರತಿ ವರ್ಷ ಬಸ್ಸಿಗೆ ಅವನೇ ಕರೆದುಕೊಂಡು ಹೋಗುತ್ತಾನೆ, ಸಾಲಿನಲ್ಲಿ ನನ್ನ ಜೊತೆ ನಿಲ್ಲುತ್ತಾನೆ. ಕುಲಶೇಖರದ ಅಕ್ಕ, ನಿಮ್ಮ ಬಾಕಿ ಬತ್ತಿಗೆ ಈ ಸಲ ನಮ್ಮ ಜೊತೆ ಬನ್ನಿ.

ಕಲ್ಯಾಣಪುರದಿಂದ ಒಬ್ಬರು

‘ನಂಬಿಕೆ ಕಮ್ಮಿ’ ಅಂದವರಿಗೆ ಒಂದು ಮಾತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದವು. ಹತ್ತಾರು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಬರೀ ಕತ್ತಲೆ, ಖಾಲಿ. ಆದರೂ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಅದು ಗೊತ್ತಿದ್ದೇ ಚರ್ಚ್ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಹಾಗಾಗಿ ಆ ಪರಿಚಯದವರ ಮಾತನ್ನು ಅಲ್ಲೇ ಬಿಡಿ.

ನಾನೇ ಎರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಕಾರಣ ಇಲ್ಲಿ ಬೇಡ. ವಾಪಸ್ ಹೋದದ್ದು ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬದ) ನೊವೇನಕ್ಕೆ, ಅಂದರೆ ಒಂಬತ್ತು ದಿನದ ಪ್ರಾರ್ಥನೆಗೆ, ಅದೂ ಅಕ್ಕನ ಮಗಳ ಹೂವಿನ ಬುಟ್ಟಿ ಹಿಡಿಯಲು ಜನ ಇಲ್ಲ ಅಂತ. ಸೆಪ್ಟೆಂಬರ್ 8ರ ಮೊದಲು ಒಂಬತ್ತು ದಿನ, ಬೆಳಗ್ಗೆ ಮಳೆಯಲ್ಲಿ ಬೇಲಿ ಬೇಲಿ ಸುತ್ತಿ ದಾಸವಾಳ, ಡೇರೆ ಕೊಯ್ದದ್ದೇ ನನ್ನ ಪ್ರಾರ್ಥನೆ. ಒಳಗೆ ಹೋಗಿ ಕೊನೇ ಬೆಂಚಿನಲ್ಲಿ ಕೂರುತ್ತಿದ್ದೆ. ಈಗಲೂ ಅಲ್ಲೇ ಕೂರುವುದು.

ಕೇಳಿದವರು, ಬಜಪೆ ಕಡೆಯಿಂದ

ಎಲ್ಲವನ್ನೂ ಎರಡೆರಡು ಸಲ ಓದಿದೆ. ನಿನ್ನೆ ತೇರ್ಸನ್ನು ಅತ್ತೆಯ ಮಂಚದ ಹತ್ತಿರ ಮಾಡಿದೆವು. ಮನೆಯವರೂ ಬಂದು ಕೂತರು, ಅವರು ಕೂರದೆ ತಿಂಗಳಾಗಿತ್ತು. ಒಂದೇ ರಹಸ್ಯ ಹೇಳಿದೆವು. ನನ್ನ ಅರ್ಧ ಹೇಳಿ ಸ್ವಲ್ಪ ನಿಲ್ಲಿಸಿ ನೋಡಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಏನೂ ಬರಲಿಲ್ಲ. ಮನೆಯವರು ಉಳಿದದ್ದು ಹೇಳಿದರು. ಏಳನೆಯದೋ ಎಂಟನೆಯದೋ ಇರಬೇಕು, ಕೊನೆಯಲ್ಲಿ ಅತ್ತೆ ‘ಆಮೆನ್’ ಅಂದರು. ‘ಮೆ’ ಸ್ವಲ್ಪ ಉದ್ದ ಆಯಿತು. ಆಮೇಲಿನದಕ್ಕೆ ಮತ್ತೆ ಇಲ್ಲ.

ಬ್ಯಾಂಕಿಗೆ ಸೋಮವಾರ ಇಬ್ಬರೂ ಹೋಗುತ್ತೇವೆ. ಗುರ್ಕಾರರಿಗೆ ಹೇಳುವ ವಿಷಯ ಮನೆಯವರ ಹತ್ತಿರ ಇನ್ನೂ ಎತ್ತಿಲ್ಲ. ಅವರ ಸ್ವಭಾವ ನನಗೆ ಗೊತ್ತು. ಹೇಗೆ ಶುರು ಮಾಡುವುದು ಅಂತ ಕುಲಶೇಖರದವರು ಹೇಳಿದರೆ ಉಪಕಾರ.