ಮೀನೆಣ್ಣೆ ಮಾತ್ರೆ: ಡಬ್ಬದ ಹಿಂಬದಿ ಓದಿದ್ದೀರಾ?

ದಾವಣಗೆರೆಯ ಸದಸ್ಯರು: ನಮಸ್ಕಾರ ಮೇಡಂ. ನನಗೆ 47 ವರ್ಷ. ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 260 ಬಂದಿದೆ. ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಗುಳಿಗೆ ಬರೆದುಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ಭಾವಮೈದ ಮೀನೆಣ್ಣೆ ಮಾತ್ರೆಯ ದೊಡ್ಡ ಡಬ್ಬ ತಂದುಕೊಟ್ಟು, "ಆ ಗುಳಿಗೆ ಬಿಡಿ ಭಾವ, ದಿನಾ ಇದೊಂದು ನುಂಗಿ ಸಾಕು" ಅಂತಾನೆ. ನಿಜಾನಾ?

ಡಾಕ್ಟರ್: ಇಲ್ಲ ಸರ್, ಆ ಗುಳಿಗೆ ಬಿಡಬೇಡಿ. ಡಬ್ಬ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ದಪ್ಪಗೆ 1000 ಮಿ.ಗ್ರಾಂ ಅಂತ ಇರುವುದು ಬರೀ ಎಣ್ಣೆಯ ತೂಕ. ಕೆಲಸ ಮಾಡುವುದು ಅದರೊಳಗಿನ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬು. ಸಾದಾ ಮಾತ್ರೆಯಲ್ಲಿ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120, ಅಂದರೆ ಒಟ್ಟು 300 ಮಿ.ಗ್ರಾಂ. ಕೆಲವು ಕಂಪನಿಯವರು ಎರಡು ಮಾತ್ರೆ ಸೇರಿಸಿ ಲೆಕ್ಕ ಹಾಕಿರುತ್ತಾರೆ, ಅದನ್ನೂ ನೋಡಿ.

ಟ್ರೈಗ್ಲಿಸರೈಡ್ ಇಳಿಸಲು ನಾವು ಔಷಧಿಯಾಗಿ ಕೊಡುವುದು ದಿನಕ್ಕೆ 4 ಗ್ರಾಂವರೆಗೆ. ಅಷ್ಟು ಕೊಟ್ಟರೆ ಶೇ 20ರಿಂದ 30ರಷ್ಟು ಇಳಿಯುತ್ತದೆ. ನಿಮ್ಮ ಡಬ್ಬದಲ್ಲಿ ಅಷ್ಟು ಸಿಗಬೇಕಾದರೆ ದಿನಕ್ಕೆ 13 ಮಾತ್ರೆ ಬೇಕು. ಹಾಗಂತ ನುಂಗೋಕೆ ಹೋಗಬೇಡಿ ಮತ್ತೆ!

260ಕ್ಕೆ ಮೊದಲು ಕಾರಣ ಹುಡುಕಬೇಕು. ಶುಗರ್ ಮತ್ತು ಥೈರಾಯ್ಡ್ ನೋಡಿಸಿದ್ದೀರಾ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಟ್ಟಿರಾ? ನಿಮ್ಮೂರಿನವರು ಬೆಣ್ಣೆ ದೋಸೆಯನ್ನೇ ಬೈಯುತ್ತಾರೆ. ಆದರೆ ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಕುಡಿತ, ಸಿಹಿ ಮತ್ತು ತಟ್ಟೆ ತುಂಬ ಅನ್ನದ ಪಾಲೂ ದೊಡ್ಡದು. ಅದೇ 500 ದಾಟಿದ್ದರೆ ಮಾತು ಬೇರೆ. ಆಗ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಭಯ ಇರುತ್ತದೆ, ತಡ ಮಾಡುವ ಹಾಗಿಲ್ಲ.

ದಾವಣಗೆರೆಯ ಸದಸ್ಯರು: ಶುಗರ್ ನೋಡಿಸಿಲ್ಲ ಮೇಡಂ, ನಾಳೆಯೇ ಮಾಡಿಸ್ತೀನಿ. ಆದ್ರೂ ಹಾರ್ಟ್‌ಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ?

ಡಾಕ್ಟರ್: ಸುಮ್ನೆ ಹುಟ್ಟಿದ ಮಾತಲ್ಲ ಅದು. 1970ರ ದಶಕದಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಗ್ರೀನ್‌ಲ್ಯಾಂಡ್‌ನ ಇನ್ಯೂಟ್ ಜನರ ರಕ್ತ ಪರೀಕ್ಷಿಸಿದರು. ಸೀಲ್, ಮೀನು ತಿಂದೇ ಬದುಕುವ ಅವರಲ್ಲಿ ಹೃದಯಾಘಾತ ಕಡಿಮೆ ಅನ್ನುವ ಮಾತು ಅಲ್ಲಿಂದ ಹರಡಿತು. 1999ರಲ್ಲಿ ಇಟಲಿಯ ದೊಡ್ಡ ಅಧ್ಯಯನವೊಂದು, ಹೃದಯಾಘಾತ ಆದವರಿಗೆ ಇದರಿಂದ ಲಾಭವಿದೆ ಅಂತ ತೋರಿಸಿತು. ಆಗ ಸ್ಟಾಟಿನ್ ಗುಳಿಗೆ (ನಿಮ್ಮ ಅಟೋರ್ವಾಸ್ಟಾಟಿನ್ ಈ ಗುಂಪಿನದೇ) ಈಗಿನಷ್ಟು ಬಳಕೆಯಲ್ಲಿರಲಿಲ್ಲ.

2018ರ ಹೊತ್ತಿಗೆ ಚಿತ್ರ ಬದಲಾಯಿತು. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನ, ಬ್ರಿಟನ್ನಿನ ಅಸೆಂಡ್‌ನಲ್ಲಿ 15,480 ಸಕ್ಕರೆ ಕಾಯಿಲೆಯವರು ಇದ್ದರು. ದಿನಕ್ಕೆ 1 ಗ್ರಾಂ ಮಾತ್ರೆ ನುಂಗಿದವರಿಗೂ ನುಂಗದವರಿಗೂ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ರೆಡ್ಯೂಸ್-ಇಟ್ ಅಧ್ಯಯನದಲ್ಲಿ ಶುದ್ಧ ಇಪಿಎಯನ್ನು 4 ಗ್ರಾಂ ಕೊಟ್ಟಾಗ ಅಪಾಯ ಶೇ 25ರಷ್ಟು ಇಳಿಯಿತು. ಆದರೆ ಇವರೆಲ್ಲ ಟ್ರೈಗ್ಲಿಸರೈಡ್ ಜಾಸ್ತಿ ಇದ್ದು, ಸ್ಟಾಟಿನ್ ತೆಗೆದುಕೊಳ್ಳುತ್ತಲೇ ಇದ್ದವರು. ಭಾವಮೈದನಿಗೆ ಇದನ್ನು ಹೇಳಿ: ಗುಳಿಗೆ ಬಿಟ್ಟವರಲ್ಲ! ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟ ಖನಿಜ ತೈಲವೇ ಅವರಿಗೆ ಕೆಡುಕು ಮಾಡಿತೇನೋ ಎಂಬ ತಕರಾರು ಇವತ್ತಿಗೂ ಇದೆ. ಎರಡು ವರ್ಷದ ನಂತರ ಸ್ಟ್ರೆಂತ್ ಅಧ್ಯಯನದಲ್ಲಿ ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ 4 ಗ್ರಾಂ ಕೊಟ್ಟರು. ಲಾಭ ಸಿಗಲಿಲ್ಲ. 4 ಗ್ರಾಂ ಕೊಟ್ಟ ಈ ಎರಡೂ ಅಧ್ಯಯನಗಳಲ್ಲಿ ಕಂಡ ಒಂದು ತೊಂದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ತಾಳ ತಪ್ಪುವುದು. ಡೋಸ್ ಏರಿದ ಹಾಗೆ ಇದರ ಅಪಾಯವೂ ಏರುತ್ತದೆ. ಆದ್ದರಿಂದಲೇ ನಾನು "ಸೈಡ್ ಎಫೆಕ್ಟ್ ಇಲ್ಲ, ತಗೊಳ್ಳಿ" ಅಂತ ಯಾರಿಗೂ ಹೇಳುವುದಿಲ್ಲ.

ಮಂಗಳೂರಿನ ಸದಸ್ಯರು: ನಮಗೆ ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು) ಇದ್ದರೆ ಆಯ್ತಲ್ವಾ ಡಾಕ್ಟ್ರೇ?

ಡಾಕ್ಟರ್: ಧಾರಾಳವಾಗಿ ಆಯ್ತು. ವಾರಕ್ಕೆ ಎರಡು ಸಲ ಬೂತಾಯಿ ಅಥವಾ ಬಂಗುಡೆ ತಿನ್ನುವವರಿಗೆ ಸುಮ್ಮನೆ ಮಾತ್ರೆ ಯಾಕೆ? ಮಳೆಗಾಲ ಮುಗಿದ ಮೇಲೆ ಬರುವ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಶುಚಿ ಮಾಡುವಾಗ ಕೈಗೇ ಅಂಟುತ್ತದೆ ನೋಡಿ. ಪುಳಿಮುಂಚಿಯೇ ಇರಲಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು ಅಪರೂಪಕ್ಕೆ ಸಾಕು. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಮೀನು ಸಿಗದಿದ್ದರೆ ಗಾಬರಿ ಬೇಡ, ಎರಡು ತಿಂಗಳಿಗೆ ಏನೂ ಆಗುವುದಿಲ್ಲ.

ಬಾಗಲಕೋಟೆಯ ಸದಸ್ಯರು: ನಾವು ಶಾಖಾಹಾರಿಗಳು ಮೇಡಂ. ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ದಿನಾ ತಿಂತೀವಿ. ನಡೀತದ?

ಡಾಕ್ಟರ್: ತಿನ್ನಿ, ಒಳ್ಳೆಯದೇ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಒಮೆಗಾ-3. ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಇನ್ನೂ ಕಡಿಮೆ. ಹಿಂಡಿಯ ಹಾಗೆ ಕುಟ್ಟಿದ್ದೇ ಸರಿ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಡಾಕ್ಟರೇ ಡಿಎಚ್‌ಎ ಬೇಕು ಅಂದರೆ ಪಾಚಿಯಿಂದ ತೆಗೆದ ಮಾತ್ರೆ ಸಿಗುತ್ತದೆ, ಮೀನಿಗೂ ಅದು ಬರುವುದು ಪಾಚಿಯಿಂದಲೇ. ಮಾತ್ರೆಯ ಹೊರಪದರ ಜೆಲಾಟಿನ್ ಆಗಿರಬಹುದು, ಹಸಿರು ಚುಕ್ಕಿ ನೋಡಿ ಕೊಳ್ಳಿ.

ಶಿವಮೊಗ್ಗದ ಸದಸ್ಯರು: ಅಮ್ಮನಿಗೆ ವಾಲ್ವ್ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಗುಳಿಗೆ ತಗೊಳ್ತಾರೆ. ಮಂಡಿ ನೋವಿಗೆ ಅಂತ ಯಾರೋ ಕಾಡ್ ಲಿವರ್ ಎಣ್ಣೆ ಕೊಟ್ಟಿದ್ದಾರೆ.

ಡಾಕ್ಟರ್: ಸದ್ಯಕ್ಕೆ ಕೊಡಬೇಡಿ. ಮೀನೆಣ್ಣೆ ರಕ್ತ ಹೆಪ್ಪುಗಟ್ಟುವುದನ್ನು ಕೊಂಚ ತಗ್ಗಿಸಬಹುದು, ವಾರ್ಫರಿನ್ ಜೊತೆ ಅದು ಬೇಡದ ತಲೆನೋವು. ಕೊಡಲೇಬೇಕೆಂದರೆ ಹೃದಯದ ಡಾಕ್ಟರನ್ನು ಕೇಳಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ಐಎನ್‌ಆರ್ ನೋಡಿಸಿಕೊಂಡು ಕೊಡಿ. ಈಗಾಗಲೇ ಒಂದೆರಡು ದಿನ ತಗೊಂಡಿದ್ದರೂ ಅವರಿಗೆ ತಿಳಿಸಿ. ಕಾಡ್ ಲಿವರ್ ಎಣ್ಣೆ ಮೀನಿನ ಪಿತ್ತಜನಕಾಂಗದ್ದು. ಅದರಲ್ಲಿ ವಿಟಮಿನ್ ಎ ಜಾಸ್ತಿ, ಹಾಗಾಗಿ ಬಸುರಿಯರಂತೂ ಮುಟ್ಟಬಾರದು. ರುಮಟಾಯ್ಡ್ ಸಂಧಿವಾತಕ್ಕೆ ಹೆಚ್ಚಿನ ಡೋಸಿನ ಮೀನೆಣ್ಣೆ ನೋವು ಸ್ವಲ್ಪ ತಗ್ಗಿಸುತ್ತದೆ. ವಯಸ್ಸಿಗೆ ಸವೆದ ಮಂಡಿಗೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಅಮ್ಮನಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ.