ಕೊರೊನಾ ಭಯ ಹೋದರೂ ಬಸ್ಸಿಗೆ ವಾಪಸ್ ಹೋಗಲು ಯಾಕೆ ಆಗುತ್ತಿಲ್ಲ?

ಕಿಟಕಿ ಸೀಟು:

ಕೊರೊನಾಗೆ ಮುಂಚೆ ನಾನು ಕೆಲಸಕ್ಕೆ ಹೋಗುತ್ತಿದ್ದದ್ದು ಬಸ್ಸಲ್ಲೇ. ತಿಂಗಳ ಪಾಸ್ ಇತ್ತು. ಎಲ್ಲಿಗೆ ಹೋಗಬೇಕಾದರೂ ಲೆಕ್ಕ ಹಾಕದೆ ಹತ್ತಿಬಿಡುತ್ತಿದ್ದೆ. ಲಾಕ್‌ಡೌನ್ ಸಡಿಲವಾದಾಗ ಸ್ಕೂಟರ್ ತಗೊಂಡೆ. ಈಗ ಆಫೀಸಿಗೆ ವಾರದಲ್ಲಿ ಮೂರೇ ದಿನ, ಮಂಗಳವಾರದಿಂದ ಗುರುವಾರ. ಸೋಂಕಿನ ಭಯ ನನಗೆ ಈಗ ಇಲ್ಲ. ಆದರೂ ಬಸ್ ಸ್ಟಾಪಿನ ಕಡೆ ಕಾಲು ಹೋಗುತ್ತಿಲ್ಲ. ಪಾಸ್ ತಗೊಂಡರೆ ಅರ್ಧ ದಂಡ. ದಿನಾ ಟಿಕೆಟ್ ತಗೊಂಡರೆ ಜಾಸ್ತಿ ಬೀಳುತ್ತದೆ. ಮುಂಚೆ ಬಸ್ಸಲ್ಲಿ ಕೂತು ಓದುತ್ತಿದ್ದೆ, ಅದೂ ತಪ್ಪಿಹೋಯಿತು.

ಎಲ್ಲರಿಗೂ ಹೀಗೇ ಆಗಿದೆಯಾ? ಬೇರೆ ಬೇರೆ ನಗರಗಳಲ್ಲಿ ಏನಾಯಿತು ಅಂತ ಗೊತ್ತಿರುವವರು ದಯವಿಟ್ಟು ಹೇಳಿ.

ನೈಟ್ ಡ್ಯೂಟಿ:

ನಾನು ನರ್ಸ್. ನಮ್ಮಂಥವರು ಬಸ್ಸು ಬಿಡಲೇ ಇಲ್ಲ ಅನ್ನುವುದನ್ನು ಮೊದಲು ಹೇಳಬೇಕು. ಆಸ್ಪತ್ರೆಯವರು, ಕಸ ಗುಡಿಸುವವರು, ದಿನಸಿ ಅಂಗಡಿಯಲ್ಲಿ ಕೆಲಸ ಮಾಡುವವರು, ಇವರಿಗೆಲ್ಲ ಮನೆಯಿಂದ ಕೆಲಸ ಅನ್ನುವುದೇ ಇರಲಿಲ್ಲ. ಡ್ರೈವರ್‌ಗಳಿಗೂ ಇರಲಿಲ್ಲ. ಲಂಡನ್ನಿನಲ್ಲಿ ಎಷ್ಟೋ ಬಸ್ ಡ್ರೈವರ್‌ಗಳು ಸೋಂಕಿನಿಂದ ತೀರಿಕೊಂಡರು. 2020ರ ಏಪ್ರಿಲ್‌ನಲ್ಲಿ ಅಲ್ಲಿ ಮುಂದಿನ ಬಾಗಿಲು ಬಿಟ್ಟು ನಡುವಿನ ಬಾಗಿಲಿನಿಂದ ಜನರನ್ನು ಹತ್ತಿಸಲು ಶುರು ಮಾಡಿದರು. ಟಿಕೆಟ್ ಯಂತ್ರ ಇದ್ದದ್ದು ಮುಂದೆ. ಹಾಗಾಗಿ ಸ್ವಲ್ಪ ದಿನ ದುಡ್ಡೇ ತಗೊಳ್ಳಲಿಲ್ಲ. ಕಲೆಕ್ಷನ್‌ಗಿಂತ ಜೀವ ದೊಡ್ಡದು ಅಂತ ಮಾಡಿದ ಕೆಲಸ ಅದು.

ನ್ಯೂಯಾರ್ಕ್ ಸಬ್‌ವೇ, ಅಂದರೆ ಅಲ್ಲಿನ ಸುರಂಗ ರೈಲು, ಇಪ್ಪತ್ನಾಲ್ಕು ಗಂಟೆಯೂ ಓಡುವಂಥದ್ದು. 2020ರ ಮೇ 6ರಿಂದ ಅದನ್ನು ರಾತ್ರಿ 1ರಿಂದ 5ರವರೆಗೆ ತೊಳೆಯುವುದಕ್ಕೆ ಅಂತ ಮುಚ್ಚಿದರು. ಪೂರ್ತಿ ಹೊತ್ತು ಮತ್ತೆ ಓಡಿದ್ದು 2021ರ ಮೇ 17ಕ್ಕೆ. ಆ ಒಂದು ವರ್ಷ ರಾತ್ರಿ ಕೆಲಸದವರು ಹೇಗೆ ಮನೆ ಸೇರಿದರೋ. ಸೋಂಕು ಹರಡುವುದು ಮುಖ್ಯವಾಗಿ ಗಾಳಿಯಲ್ಲಿ ಅಂತ ಆಮೇಲೆ ಸ್ಪಷ್ಟವಾಯಿತು. ಕಂಬಿ ಒರೆಸುವುದಕ್ಕಿಂತ ಕಿಟಕಿ ತೆಗೆಯುವುದು ಮುಖ್ಯವಾಗಿತ್ತು.

ನಾನು ಡ್ಯೂಟಿ ಮುಗಿಸಿ ಹತ್ತುತ್ತಿದ್ದ ಕೊನೆಯ ಬಸ್ಸೂ ಆಗಲೇ ನಿಂತಿದ್ದು. ಇವತ್ತಿನವರೆಗೂ ಶುರುವಾಗಿಲ್ಲ.

ಟೈಮ್ ಟೇಬಲ್:

ಕಿಟಕಿ ಸೀಟು ಅವರೇ, ನಾನು ಬಸ್ ಷೆಡ್ಯೂಲ್ ಹಾಕುವ ಕೆಲಸದಲ್ಲೇ ತಲೆ ನರೆಸಿಕೊಂಡವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಭಯ ಒಂದೇ ಕಾರಣವಾಗಿದ್ದರೆ ಜನ ಯಾವತ್ತೋ ವಾಪಸ್ ಬರುತ್ತಿದ್ದರು. 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸೋಂಕು ಜೋರಾಗಿದ್ದಾಗ ತೈವಾನಿನ ತೈಪೆ ಮೆಟ್ರೋದ ಪ್ರಯಾಣಿಕರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದರು. ಕೆಲವೇ ತಿಂಗಳಲ್ಲಿ ರೋಗ ಹತೋಟಿಗೆ ಬಂತು, ಜನರೂ ಬಂದರು. ಕೊರೊನಾ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಸಾರಿದ ತುರ್ತು ಪರಿಸ್ಥಿತಿ ಮುಗಿದದ್ದು 2023ರ ಮೇ 5ಕ್ಕೆ. ಅಷ್ಟು ಕಾಲದಲ್ಲಿ ಹಳೇ ಅಭ್ಯಾಸ ಹೋಗಿ ಹೊಸದು ಬೇರು ಬಿಟ್ಟಿರುತ್ತದೆ, ಅಲ್ವಾ?

2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲಿನವರು ಎರಡು ದಿನ ಮುಷ್ಕರ ಮಾಡಿದ್ದರು. ಕೆಲವು ಸ್ಟೇಷನ್ ಮುಚ್ಚಿದ್ದರಿಂದ ಜನ ಬೇರೆ ದಾರಿ ಹುಡುಕಿಕೊಂಡರು. ಆಮೇಲೆ ಸಂಶೋಧಕರು ಟಿಕೆಟ್ ಕಾರ್ಡಿನ ದಾಖಲೆ ತೆಗೆದು ನೋಡಿದರೆ, ಸುಮಾರು 5% ಜನ ಹೊಸ ದಾರಿಯಲ್ಲೇ ಉಳಿದುಬಿಟ್ಟಿದ್ದರು. ಎರಡು ದಿನಕ್ಕೇ ಇಷ್ಟಾದರೆ ಎರಡು ಮೂರು ವರ್ಷಕ್ಕೆ ಎಷ್ಟಾಗಬೇಕು ಯೋಚನೆ ಮಾಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ನೀವು ಸರಾಸರಿ ಐದು ನಿಮಿಷ ಕಾಯುತ್ತೀರಿ. ಜನ ಕಡಿಮೆಯಾದರು ಅಂತ ಅರ್ಧ ಟ್ರಿಪ್ ಕಡಿದರೆ ಕಾಯುವುದು ಹತ್ತು ನಿಮಿಷ. ಆಗ ಇನ್ನಷ್ಟು ಜನ ಹೋಗುತ್ತಾರೆ. ಕಲೆಕ್ಷನ್ ಇಳಿಯುತ್ತದೆ, ಮತ್ತೆ ಟ್ರಿಪ್ ಕಡಿಯುತ್ತಾರೆ. ಹರ್ಬರ್ಟ್ ಮೋರಿಂಗ್ ಅನ್ನುವ ಅರ್ಥಶಾಸ್ತ್ರಜ್ಞ 1972ರಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು: ಜನ ಹೆಚ್ಚಾದಷ್ಟೂ ಬಸ್ಸು ಹೆಚ್ಚು ಹಾಕಬಹುದು, ಎಲ್ಲರೂ ಕಾಯುವ ಹೊತ್ತು ಇಳಿಯುತ್ತದೆ. ಅಂದರೆ ನೀವು ಹತ್ತಿದರೆ ನಿಮ್ಮ ಪಕ್ಕದವರಿಗೂ ಲಾಭ. ನೀವು ಬಿಟ್ಟರೆ ಅವರಿಗೂ ನಷ್ಟ. ಮೇಲೆ ನರ್ಸಮ್ಮ ಹೇಳಿದ ಕೊನೆಯ ಬಸ್ಸು ನಿಂತದ್ದೂ ಹೀಗೇ ಇರಬೇಕು. ಅವರು ಕೆಲಸ ಬಿಟ್ಟಿರಲಿಲ್ಲ, ಬಸ್ಸು ಅವರನ್ನು ಬಿಟ್ಟಿತು. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಅದಕ್ಕೇ ಆ ದಿನಗಳಲ್ಲಿ ಸರ್ಕಾರಗಳು ದುಡ್ಡು ಕೊಟ್ಟು ಬಸ್ಸು ಓಡಿಸಿದ್ದು ಸರಿ ಅನ್ನುತ್ತೇನೆ. ಅಮೆರಿಕ 2020ರ ಮಾರ್ಚ್‌ನಲ್ಲಿ ನಗರ ಸಾರಿಗೆಗೆ 2,500 ಕೋಟಿ ಡಾಲರ್ ಕೊಟ್ಟಿತು. ಲಂಡನ್ನಿನ ಸಾರಿಗೆ ಹೆಚ್ಚಾಗಿ ಟಿಕೆಟ್ ದುಡ್ಡಲ್ಲೇ ನಡೆಯುತ್ತಿತ್ತು. ಹಾಗಾಗಿ ಬೇಗ ಕುಸಿಯಿತು, ಆ ಮೇ ತಿಂಗಳಲ್ಲೇ ಸರ್ಕಾರದ ನೆರವು ಬೇಕಾಯಿತು.

ಇನ್ನು ನಿಮ್ಮ ಮೂರು ದಿನದ ವಿಷಯ. ಷೆಡ್ಯೂಲ್ ಹಾಕುವವನಿಗೆ ಇದೇ ದೊಡ್ಡ ತಲೆನೋವು. ಮಂಗಳವಾರದಿಂದ ಗುರುವಾರ ಬಸ್ಸು ತುಂಬುತ್ತದೆ, ಸೋಮವಾರ ಶುಕ್ರವಾರ ಖಾಲಿ. ಆದರೆ ಗಾಡಿ ಎಷ್ಟು ಬೇಕು, ಸಿಬ್ಬಂದಿ ಎಷ್ಟು ಬೇಕು ಅನ್ನುವುದು ಅತಿ ರಶ್ ಇರುವ ದಿನದ ಲೆಕ್ಕ. ಆದಾಯ ಇಳಿಯುತ್ತದೆ, ಖರ್ಚು ಅಷ್ಟಾಗಿ ಇಳಿಯುವುದಿಲ್ಲ. 2024ರ ಮಾರ್ಚ್‌ನಿಂದ ಮೇವರೆಗೆ ಲಂಡನ್ನಿನಲ್ಲಿ ಶುಕ್ರವಾರ ಪೂರ್ತಿ ಕಡಿಮೆ ದರ ಮಾಡಿ ನೋಡಿದರು. ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಶುಕ್ರವಾರ ಮನೆಯಲ್ಲಿ ಇರುವವರು ಟಿಕೆಟ್ ದುಬಾರಿ ಅಂತ ಇರುವುದಿಲ್ಲವಲ್ಲ.

ಪಾಸ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ತಿಂಗಳ ಪಾಸ್ ದಿನಾ ಹೋಗುವವರಿಗೆ ಅಂತ ಮಾಡಿದ್ದು. ಇಂಗ್ಲೆಂಡಿನ ರೈಲಿನಲ್ಲಿ 2021ರ ಜೂನ್‌ನಲ್ಲಿ ಹೊಸ ಪಾಸ್ ತಂದರು, 28 ದಿನದಲ್ಲಿ ಯಾವ 8 ದಿನ ಬೇಕಾದರೂ ಓಡಾಡಬಹುದು. ವಾರಕ್ಕೆ ಎರಡು ದಿನ ಹೋಗುವವರಿಗೆ ಸರಿಹೋಗುತ್ತದೆ. ನಿಮಗೆ 12 ಬೇಕು, ಅದು ಸಾಲದು.

ಸೈಕಲ್ ಬೆಲ್:

ಒಳ್ಳೆಯದೂ ಆಗಿದೆ, ಅದನ್ನೂ ಹೇಳಿ ಸಾರ್. 2020ರ ಮಾರ್ಚ್‌ನಲ್ಲೇ ಕೊಲಂಬಿಯಾದ ಬೊಗೋಟಾದಲ್ಲಿ ರಸ್ತೆಗೆ ಕೋನ್ ಇಟ್ಟು ರಾತ್ರೋರಾತ್ರಿ ಸೈಕಲ್ ದಾರಿ ಮಾಡಿದರು. ಪ್ಯಾರಿಸ್ಸಿನ ರಿವೊಲಿ ರಸ್ತೆಯಲ್ಲಿ ಕಾರಿನ ಜಾಗ ಸೈಕಲ್ಲಿಗೆ ಹೋಯಿತು. ಮತ್ತೆ ಕಾರಿಗೆ ಬಿಟ್ಟುಕೊಡಲಿಲ್ಲ.

ಟೈಮ್ ಟೇಬಲ್:

ಖಂಡಿತ. ಬಸ್ಸಿನಿಂದ ಸೈಕಲ್ಲಿಗೆ ಹೋದವರ ಬಗ್ಗೆ ನನಗೆ ದೂರಿಲ್ಲ. ಕಾರಿಗೆ ಹೋದವರು ಮಾತ್ರ ರಸ್ತೆ ತುಂಬಿಸುತ್ತಾರೆ, ಅದರಲ್ಲಿ ಬಸ್ಸೂ ಸಿಕ್ಕಿಹಾಕಿಕೊಳ್ಳುತ್ತದೆ. ರಶ್ ಹಂಚುವುದಕ್ಕೆ ಹಳೇ ಉಪಾಯವೂ ಒಂದಿದೆ. 1918ರ ಫ್ಲೂ ಸಮಯದಲ್ಲಿ ನ್ಯೂಯಾರ್ಕಿನ ಆರೋಗ್ಯ ಅಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅಂಗಡಿ, ಆಫೀಸು, ಕಾರ್ಖಾನೆಗಳು ಬೇರೆ ಬೇರೆ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡಿದ್ದರು. ರೈಲು ಒಂದೂ ಹೆಚ್ಚಿಸದೆ ನೂಕುನುಗ್ಗಲು ಇಳಿಸುವ ದಾರಿ ಅದು. ಈಗಲೂ ಆಗುತ್ತದೆ, ಆಫೀಸಿನವರು ಒಪ್ಪಬೇಕು ಅಷ್ಟೇ.

ಕಿಟಕಿ ಸೀಟು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಸಾರಿಗೆಯವರಿಗೆ ಒಂದು ಮನವಿ ಬರೆಯೋಣ ಅಂತಿದ್ದೇನೆ. ಏನು ಕೇಳಲಿ?

ಟೈಮ್ ಟೇಬಲ್:

ದರಕ್ಕಿಂತ ಮೊದಲು ಎಷ್ಟು ನಿಮಿಷಕ್ಕೊಂದು ಬಸ್ಸು ಬೇಕು ಅಂತ ಬರೆಯಿರಿ. ಸುಮ್ನೆ 'ಹೆಚ್ಚು ಬಸ್ ಬಿಡಿ' ಅಂದರೆ ಯಾರೂ ಓದುವುದಿಲ್ಲ. ರೂಟ್ ನಂಬರ್, ಸ್ಟಾಪಿನ ಹೆಸರು, ಯಾವ ಹೊತ್ತು, ಈಗ ಎಷ್ಟು ಕಾಯುತ್ತೀರಿ, ಇಷ್ಟನ್ನು ಹಾಕಿ. 12 ದಿನದ ಪಾಸ್ ಎರಡನೇ ಸಾಲಿನಲ್ಲಿ ಬರಲಿ. ನರ್ಸಮ್ಮ ಒಪ್ಪಿದರೆ ಅವರ ಕೊನೆಯ ಬಸ್ಸಿನ ರೂಟನ್ನೂ ಸೇರಿಸಿ, ಒಟ್ಟಿಗೆ ಸಹಿ ಹಾಕಿ ಕೊಡಿ.